ಬಿಲ್ಲಿನ ತುದಿ

ಮುಳಬಾಗಿಲಿನ ಆಂಜನೇಯನನ್ನು ಪ್ರತಿಷ್ಠೆ ಮಾಡಿದವನು ಅರ್ಜುನ ಎಂಬುದು ನಮ್ಮ ಕಡೆಯ ನಂಬಿಕೆ. ಯುದ್ಧ ಮುಗಿದ ಮೇಲೆ ತನ್ನ ರಥದ ಬಾವುಟದಲ್ಲಿದ್ದ ಹನುಮನನ್ನು ಅಲ್ಲಿ ನೆಲೆಗೊಳಿಸಿದನಂತೆ. ಶ್ರೀನಿವಾಸಪುರದಿಂದ ಹೋಗಿ ನಾವು ಕೈಮುಗಿದು ಬರುವುದು ಗೆದ್ದ ಅರ್ಜುನನ ದೇವರಿಗೆ. ಸೋತ ಅರ್ಜುನನ ಕಥೆಯನ್ನು ಹರಿಕಥೆಯವರು ಬೇಗ ದಾಟಿಸಿಬಿಡುತ್ತಾರೆ. ಈ ವಯಸ್ಸಿನಲ್ಲಿ ನನಗೆ ಬೇಕಾಗಿರುವವನು ಅವನೇ.

ಮೌಸಲ ಪರ್ವದಲ್ಲಿ ಕೃಷ್ಣ ಇಲ್ಲವಾಗಿದ್ದಾನೆ. ದ್ವಾರಕೆಯ ಹೆಂಗಸರು, ಮಕ್ಕಳು, ಮುದುಕರನ್ನು ಕರೆದುಕೊಂಡು ಅರ್ಜುನ ಇಂದ್ರಪ್ರಸ್ಥದ ದಾರಿ ಹಿಡಿದಿದ್ದಾನೆ. ಪಂಚನದದಲ್ಲಿ ಆಭೀರರೆಂಬ ದರೋಡೆಕೋರರು ದೊಣ್ಣೆ ಹಿಡಿದು ಮೇಲೆ ಬೀಳುತ್ತಾರೆ. ಗಾಂಡೀವಕ್ಕೆ ಹೆದೆ ಏರಿಸುವುದೇ ಕಷ್ಟವಾಗುತ್ತದೆ. ಅಸ್ತ್ರಗಳು ನೆನಪಿಗೆ ಬರುವುದಿಲ್ಲ. ಎಂದೂ ಮುಗಿಯದಿದ್ದ ಬಾಣಗಳು ಮುಗಿಯುತ್ತವೆ. ಆಗ ಅವನು ಬಿಲ್ಲಿನ ತುದಿಯಿಂದಲೇ ಬಡಿಯುತ್ತಾನೆ.

ಮೂರು ಲೋಕದ ಬಿಲ್ಲುಗಾರನ ಕೈಯಲ್ಲಿ ಗಾಂಡೀವ ದನ ಕಾಯುವವನ ಕೋಲಾಯಿತು. ಎಷ್ಟೋ ಹೆಂಗಸರನ್ನು ಆಭೀರರು ಹೊತ್ತೊಯ್ದರು. ಉಳಿದವರನ್ನು ಅವನು ಊರು ಮುಟ್ಟಿಸಿದ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಗುಂಡು ಎಸೆತ ನನ್ನ ವಿದ್ಯೆ. ಬಲಭುಜದ ಸ್ನಾಯು ಹರಿದ ಮೇಲೆ ಕೈ ತಲೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಹಾಗಾಗಿ ಹೆವಿವೇಟ್ ಬಾಕ್ಸರುಗಳ ಹಳೆಯ ಪಂದ್ಯಗಳನ್ನು ನೋಡುವಾಗ ನನ್ನ ಕಣ್ಣು ಮುಷ್ಟಿಯ ಮೇಲೆ ನಿಲ್ಲುವುದಿಲ್ಲ, ಪಾದಕ್ಕೆ ಹೋಗುತ್ತದೆ. ಗುಂಡಾಗಲಿ ಗುದ್ದಾಗಲಿ, ಹುಟ್ಟುವುದು ನೆಲದಲ್ಲಿ. ಹಿಮ್ಮಡಿ ತಿರುಗಿ, ಸೊಂಟ ತಿರುಗಿ, ಬೆನ್ನು, ಭುಜ, ಕೊನೆಗೆ ಕೈ. ನಡುವೆ ಒಂದು ಕೀಲು ನೊಂದರೂ ಕೆಳಗಿನಿಂದ ಬಂದದ್ದು ಅಲ್ಲೇ ಸೋರಿಹೋಗುತ್ತದೆ. ಮಂಡಿ ಕೆಟ್ಟವನಿಗೆ ನೆಲ ಸಿಗದು. ಅಂಗೈಯ ಎಲುಬು ಒಮ್ಮೆ ಮುರಿದವನು, ಅದು ಕೂಡಿದ ಮೇಲೂ, ತಗಲುವ ಮುನ್ನವೇ ಕೈಯನ್ನು ಕೂದಲೆಳೆಯಷ್ಟು ತಡೆಹಿಡಿಯುತ್ತಾನೆ. ನೋವು ಹೋಗಿರುತ್ತದೆ, ನೋವಿನ ನೆನಪು ಹೋಗಿರುವುದಿಲ್ಲ.

ವಯಸ್ಸಿನ ದಾರಿ ಬೇರೆ. ಸ್ನಾಯುವಿನಲ್ಲಿ ಚುರುಕಾಗಿ ಸಂಕುಚಿಸುವ ಎಳೆಗಳು ಮೊದಲು ಸೊರಗುತ್ತವೆ, ನಿಧಾನದ ಎಳೆಗಳು ಹೆಚ್ಚು ಕಾಲ ಬಾಳುತ್ತವೆ. ಆದ್ದರಿಂದ ಬಲಕ್ಕಿಂತ ಮುಂಚೆ ವೇಗ ಹೋಗುತ್ತದೆ. ಬಾಕ್ಸರನಿಗೆ ಕೊನೆಯಲ್ಲಿ ಉಳಿಯುವುದು ಗುದ್ದು ಎಂದು ಆ ಆಟದವರು ಹೇಳುವುದು ಇದಕ್ಕೇ. ಗುದ್ದು ಇರುತ್ತದೆ. ಎದುರಾಳಿ ನಿಂತ ಜಾಗಕ್ಕೆ, ಅವನು ಅಲ್ಲಿರುವ ಗಳಿಗೆಯಲ್ಲೇ, ಅದನ್ನು ಒಯ್ಯುವುದು ಆಗುವುದಿಲ್ಲ.

ಗಾಯ ಕಸಿದುಕೊಳ್ಳುವುದೊಂದೇ ಅಲ್ಲ. ಜೋ ಫ್ರೇಜಿಯರ್ ಹುಡುಗನಾಗಿದ್ದಾಗ ಹಂದಿ ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈ ಮುರಿದುಕೊಂಡ. ಸರಿಯಾಗಿ ಕಟ್ಟಿಸಲಿಲ್ಲ, ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ. 1971ರಲ್ಲಿ ಮಹಮ್ಮದ್ ಅಲಿಯನ್ನು ನೆಲಕ್ಕೆ ಕೆಡವಿದ್ದು ಆ ಸೊಟ್ಟ ಎಡಗೈಯ ಕೊಕ್ಕೆ ಏಟೇ.

ಹಾಗಾದರೆ ಬಲ ಯಾರದು? ಸೋತು ಬಂದ ಅರ್ಜುನನಿಗೆ ವ್ಯಾಸರು ಕೊಟ್ಟ ಉತ್ತರ ಕಾಲ. ಎಲ್ಲಕ್ಕೂ ಕಾಲವೇ ಮೂಲ, ಕೊಡುವುದೂ ಅದೇ, ಹಿಂದೆ ಪಡೆಯುವುದೂ ಅದೇ. ಅಸ್ತ್ರಗಳು ಬಂದ ಕೆಲಸ ಮುಗಿಸಿ ಹೋದವು ಎಂಬ ಅರ್ಥದ ಮಾತು. ಬಲದ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಆದರೆ ಇದು ಪೂರ್ತಿ ಉತ್ತರವಲ್ಲ. ಬಿಲ್ಲಿನ ತುದಿಯಿಂದ ಬಡಿದವನು ಯಾರು? ಅಸ್ತ್ರ ಕಾಲದ್ದಾಗಿತ್ತು, ಕಾಲ ತೆಗೆದುಕೊಂಡಿತು. ಹಿಂದೆ ನಿಂತ ಹೆಂಗಸರ ಹೊಣೆಯನ್ನು ಅದು ತೆಗೆದುಕೊಳ್ಳಲಿಲ್ಲ. ಆ ಹೊಣೆ ಮಾತ್ರ ಅರ್ಜುನನದಾಗಿಯೇ ಉಳಿಯಿತು.

ಜಾರ್ಜ್ ಫೋರ್‌ಮನ್ನನನ್ನು ನಾನು ಓದಿಕೊಂಡಿರುವುದು ಹೀಗೆ. 1974ರಲ್ಲಿ ಕಿನ್ಶಾಸಾದಲ್ಲಿ ಅಲಿಗೆ ಸೋತಾಗ ಅವನಿಗೆ 25 ವರ್ಷ, ಭೂಮಿಯ ಮೇಲೆ ಅವನಷ್ಟು ಬಲವಾಗಿ ಗುದ್ದುವವರು ಇಲ್ಲ ಎಂಬ ಹೆಸರು. 1977ರಲ್ಲಿ ಜಿಮ್ಮಿ ಯಂಗ್‌ಗೆ ಸೋತ ರಾತ್ರಿ ಬಟ್ಟೆ ಬದಲಿಸುವ ಕೋಣೆಯಲ್ಲಿ ದೇವರ ಅನುಭವವಾಯಿತೆಂದು ಹೇಳಿ ಆಟ ಬಿಟ್ಟ, ಪಾದ್ರಿಯಾದ. ಹ್ಯೂಸ್ಟನ್‌ನಲ್ಲಿ ಹುಡುಗರಿಗೆಂದು ಕೇಂದ್ರ ಕಟ್ಟಿದ. ಅದನ್ನು ನಡೆಸಲು ದುಡ್ಡು ಸಾಲದೆ ಹತ್ತು ವರ್ಷದ ಮೇಲೆ, 1987ರಲ್ಲಿ, ಮತ್ತೆ ರಿಂಗಿಗಿಳಿದ. 1994ರ ನವೆಂಬರ್ 5ರಂದು, 45ನೇ ವಯಸ್ಸಿನಲ್ಲಿ, 26ರ ಮೈಕಲ್ ಮೂರರ್ ಎದುರು ಒಂಬತ್ತು ಸುತ್ತು ಏಟು ತಿಂದ. ಮೂವರು ತೀರ್ಪುಗಾರರ ಲೆಕ್ಕದಲ್ಲೂ ಹಿಂದಿದ್ದ. ವೇಗ ಎಂದೋ ಹೋಗಿತ್ತು. ಮೈತೂಕ ಕಿನ್ಶಾಸಾದ ದಿನದ ಸುಮಾರು 100 ಕಿಲೋದಿಂದ 113ಕ್ಕೆ ಏರಿತ್ತು. ಬೆನ್ನಟ್ಟುವುದು ತನ್ನಿಂದಾಗದೆಂದು ತಿಳಿದು, ಮೂರರ್ ಎದುರಿಗೇ ಬಂದು ನಿಲ್ಲುವ ತನಕ ಕಾದ. ಹತ್ತನೇ ಸುತ್ತಿನಲ್ಲಿ ಒಂದು ಗಿಡ್ಡ ಬಲಗೈ ಏಟು, ಮೂರರ್ ಮಲಗಿದ. ಫೋರ್‌ಮನ್ ತನ್ನ ಮೂಲೆಗೆ ಹೋಗಿ ಮಂಡಿಯೂರಿ ಪ್ರಾರ್ಥನೆ ಮಾಡಿದ. ತೊಟ್ಟಿದ್ದದ್ದು ಕಿನ್ಶಾಸಾದ ಅದೇ ಕೆಂಪು ಚಡ್ಡಿ.

ಇದನ್ನು ಕೇಳಿದವರು, ಹಾಗಾದರೆ ಮುದುಕರೆಲ್ಲ ಹಟ ಹಿಡಿಯಬೇಕೇ ಎನ್ನುತ್ತಾರೆ. ಅಲ್ಲ. ಅದೇ ಅರ್ಜುನನ ಇನ್ನೊಂದು ಪ್ರಸಂಗ ಮಹಾಪ್ರಸ್ಥಾನದಲ್ಲಿದೆ. ರಾಜ್ಯ ಬಿಟ್ಟು, ನಾರುಡೆ ಉಟ್ಟು ಹೊರಟ ಮೇಲೂ ಅವನು ಗಾಂಡೀವವನ್ನು ಬಿಟ್ಟಿರಲಿಲ್ಲ. ಬೆಲೆಬಾಳುವ ವಸ್ತುವಿನ ಆಸೆ ಎಂದು ಮಹಾಭಾರತ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕಾಯುವುದಕ್ಕೆ ಹಿಂದೆ ಯಾರೂ ಇರಲಿಲ್ಲ. ಅಗ್ನಿ ಅಡ್ಡ ನಿಂತು ಕೇಳಿ, ಅಣ್ಣತಮ್ಮಂದಿರು ಹೇಳಿದ ಮೇಲೆ ನೀರಿಗೆ ಹಾಕಿದ. ಪಂಚನದದಲ್ಲಿ ಹಿಡಿದದ್ದೂ ಅದೇ ಬಿಲ್ಲು, ಇಲ್ಲಿ ಹಿಡಿದದ್ದೂ ಅದೇ. ಎರಡು ಹಿಡಿತಗಳ ನಡುವಿನ ವ್ಯತ್ಯಾಸ ಹಿಡಿದವನಿಗೇ ತಿಳಿಯಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಅಲಿಗೂ ತಿಳಿಯಲಿಲ್ಲ. 1980ರ ಅಕ್ಟೋಬರ್ 2ರಂದು, 38ನೇ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ಎದುರು ಹತ್ತು ಸುತ್ತು ಬರೀ ಹೊಡೆತ ತಿಂದ. ಸಾಕು ಎಂದು ನಿಲ್ಲಿಸಿದವನು ಅವನ ತರಬೇತುದಾರ ಆಂಜೆಲೊ ಡಂಡಿ. ಹದಿನಾಲ್ಕು ವರ್ಷದ ನಂತರ ಫೋರ್‌ಮನ್ನನ ಮೂಲೆಯಲ್ಲಿ ನಿಂತಿದ್ದವನೂ ಅದೇ ಡಂಡಿ. ಒಬ್ಬನನ್ನು ನಿಲ್ಲಿಸಿದ, ಇನ್ನೊಬ್ಬನನ್ನು ನಿಲ್ಲಿಸಲಿಲ್ಲ. ಅಲಿ ಮರುವರ್ಷ ಇನ್ನೊಂದು ಪಂದ್ಯ ಆಡಿ ಅದನ್ನೂ ಸೋತ. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು.

ನಮ್ಮೂರ ಮಾವಿನ ಮಂಡಿಗಳಲ್ಲಿ ತೋತಾಪುರಿ ಬರುವ ಕಾಲಕ್ಕೆ ಲಾರಿ ತುಂಬುವ ಹಮಾಲಿಗಳನ್ನು ನೋಡಲು ನಾನು ಈಗಲೂ ಹೋಗುತ್ತೇನೆ. ವಯಸ್ಸಾದವರು ಕ್ರೇಟನ್ನು ತೋಳಿನಿಂದ ಎತ್ತುವುದಿಲ್ಲ, ಕಾಲಿನಿಂದ ಎತ್ತುತ್ತಾರೆ. ಅವರಲ್ಲೊಬ್ಬರಿಗೆ ಮೊನ್ನೆಯ ಸೀಸನ್ನಿನಲ್ಲಿ ಮಂಡಿಯ ಮೇಸ್ತ್ರಿ, "ಅಣ್ಣ, ಇನ್ನು ಮೇಲೆ ಹೊರೋದು ಬೇಡ, ಕಾಯಿ ಆರಿಸೋಕೆ ಕೂತ್ಕೋ" ಅಂದ. ಅವರು ಸಿಟ್ಟಾಗಿ, ಮಗಳ ಮನೆ ಸಾಲ ತೀರಬೇಕು ಎಂದರು. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಳಗಿನ ಒಂದು ಲಾರಿ ಮಾತ್ರ ತುಂಬಲು ಬಿಟ್ಟು, ಆಮೇಲೆ ಕಾಯಿ ಆರಿಸಲು ಕೂರಿಸಿದ.