ಗೊತ್ತಿದ್ದೂ ತಪ್ಪುವುದೇಕೆ?

ಕಳೆದ ಯುಗಾದಿಯಂದು ನಮ್ಮ ದೇವಸ್ಥಾನದಲ್ಲಿ ಊಟಕ್ಕೆ ಕುಳಿತಿದ್ದೆ. ಬಡಿಸುತ್ತಿದ್ದ ಹಿರಿಯರೊಬ್ಬರು "ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ, ಹಬ್ಬ ಅಲ್ವಾ" ಎಂದರು. ಹಿಂದಿನ ವಾರವಷ್ಟೇ ಡಾಕ್ಟರು ನನ್ನ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ, ತೂಕ ಇಳಿಸಲೇಬೇಕು ಎಂದಿದ್ದರು. ಅದೇ ಕಾಯಿಲೆಯಿಂದ ನನ್ನ ತಂದೆಯವರು ಕಾಲಿನ ಎರಡು ಬೆರಳು ಕಳೆದುಕೊಂಡಿದ್ದನ್ನು ಕಣ್ಣಾರೆ ಕಂಡವನು ನಾನು. ಆದರೂ "ಹಾಕಿ" ಎಂದೆ. ಮೇಲೆ ತುಪ್ಪವೂ ಬಿತ್ತು!

ಒಳ್ಳೆಯದು ಯಾವುದೆಂದು ಗೊತ್ತಿದ್ದೂ ಮನುಷ್ಯ ಅದನ್ನೇಕೆ ಮಾಡುವುದಿಲ್ಲ? ತಿಳಿದೂ ತಿಳಿದೂ ಯಾರೂ ತಪ್ಪು ಮಾಡುವುದಿಲ್ಲ, ತಪ್ಪಿಗೆ ಅಜ್ಞಾನವೇ ಕಾರಣ ಎಂದು ಗ್ರೀಸಿನ ಸಾಕ್ರಟೀಸ್ ವಾದಿಸಿದ. ಇದು ನಾವು ಕಣ್ಣಾರೆ ಕಾಣುವುದಕ್ಕೆ ವಿರುದ್ಧವಾಗಿದೆಯಲ್ಲ ಎಂದ ಅರಿಸ್ಟಾಟಲ್. ನನ್ನ ಹೋಳಿಗೆ ಅರಿಸ್ಟಾಟಲನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಹಾಗಾದರೆ ಬೊಜ್ಜು ಬರೀ ಮನೋಬಲದ ಕೊರತೆಯೇ? 1960ರ ದಶಕದ ಆರಂಭದಲ್ಲಿ ಅಮೆರಿಕದ ವಯಸ್ಕರಲ್ಲಿ ಸುಮಾರು ಶೇ. 13ರಷ್ಟು ಮಂದಿಗೆ ಬೊಜ್ಜಿತ್ತು. ಇಂದು ಸುಮಾರು ಶೇ. 40ರಷ್ಟು ಮಂದಿಗಿದೆ. ಅರವತ್ತು ವರ್ಷಗಳಲ್ಲಿ ಜನರ ಮನೋಬಲ ಮೂರು ಪಟ್ಟು ಕುಸಿಯಿತೆಂದು ನಂಬುವುದು ಕಷ್ಟ. ಬದಲಾದದ್ದು ಸುತ್ತಲಿನ ವ್ಯವಸ್ಥೆ. ಹಾಲು ತರಲೂ ಕಾರು, ದಿನವಿಡೀ ಕಂಪ್ಯೂಟರ್ ಮುಂದೆ ಕುರ್ಚಿ, ಕೈಗೆಟುಕುವಲ್ಲೇ ಚಿಪ್ಸ್ ಮತ್ತು ಸೋಡಾ. ಹೊಲದಲ್ಲಿ ದುಡಿಯುತ್ತಿದ್ದ ಅಜ್ಜನ ಊಟದ ಪ್ರಮಾಣ ಮಾತ್ರ ನಮ್ಮ ತಟ್ಟೆಯಲ್ಲಿ ಹಾಗೇ ಉಳಿದಿದೆ.

ಹಾಗೆಂದು ನನ್ನ ಹೊಣೆ ತಪ್ಪುವುದಿಲ್ಲ. ಆದರೆ ಆ ಹೊಣೆ ಇರುವುದು ಹೋಳಿಗೆ ಎದುರಿಗೆ ಬಂದ ಕ್ಷಣದಲ್ಲಲ್ಲ, ಅದಕ್ಕೂ ಮೊದಲು. ಸಾಫ್ಟ್‌ವೇರಿನಲ್ಲಿ ಒಂದೇ ಬಗ್ ಮತ್ತೆ ಮತ್ತೆ ಬಂದರೆ "ಹುಷಾರಾಗಿರಿ" ಎಂದು ಹೇಳಿ ಸುಮ್ಮನಾಗುವುದಿಲ್ಲ, ಅದು ಬಾರದಂತೆ ವ್ಯವಸ್ಥೆಯನ್ನೇ ಬದಲಿಸುತ್ತೇವೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದಾಗ ಕೃಷ್ಣ ಅವನನ್ನು ಗದರಿಸುವುದಿಲ್ಲ. ಕಷ್ಟವೆಂದು ಮೊದಲು ಒಪ್ಪಿಕೊಂಡು, ಅನಂತರ ಅಭ್ಯಾಸ, ವೈರಾಗ್ಯಗಳ ದಾರಿ ತೋರಿಸುತ್ತಾನೆ.

ಅಭ್ಯಾಸಕ್ಕೆ ಸಮಯ ಬೇಕು. ಲಂಡನ್ನಿನ ಸಂಶೋಧಕರು 96 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿ ಬೇರೂರಲು 18ರಿಂದ 254 ದಿನಗಳವರೆಗೆ ಬೇಕಾಗಬಹುದೆಂದು ಕಂಡುಬಂತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ತಪ್ಪಿದ ದಿನವೇ ಎಲ್ಲ ಮುಗಿಯಿತೆಂದು ಕೈಬಿಡುವ ನನ್ನಂಥವರಿಗೆ ಇದು ದೊಡ್ಡ ಸಮಾಧಾನ.

ಈಗ ನಮ್ಮ ಮನೆಗೆ ಸೋಡಾ ತರುವುದಿಲ್ಲ. ರಾತ್ರಿ ಊಟವಾದ ಮೇಲೆ ಮಗಳೇ ನನ್ನ ಶೂ ತಂದಿಟ್ಟು "ನಡಿ ಅಪ್ಪ" ಎನ್ನುತ್ತಾಳೆ. ತೂಕ ಇಳಿದದ್ದು ಸ್ವಲ್ಪವೇ, ಆದರೆ ಇಳಿದಿದೆ.

ಕೊನೆಗೊಂದು ವಿನಂತಿ. ಬಲವಂತ ಮಾಡಿ ಬಡಿಸುವುದು ನಮ್ಮವರ ಪ್ರೀತಿಯ ರೀತಿ, ನಿಜ. ಆದರೆ ಎದುರಿಗಿರುವವರ ವ್ಯವಸ್ಥೆಯಲ್ಲಿ ನಾವೂ ಒಂದು ಭಾಗವಲ್ಲವೇ? ಮುಂದಿನ ಹಬ್ಬದಲ್ಲಿ ಯಾರಾದರೂ "ಸಾಕು" ಎಂದರೆ, ಸಾಕು ಎಂದೇ ತಿಳಿಯೋಣ. ಏನಂತೀರಿ?