ಯಥಾಶಕ್ತಿ: ಮನೆಯ ಹಬ್ಬ ಮತ್ತು ಮಿತವ್ಯಯದ ಅಳತೆ

ಗೃಹಸ್ಥನಾದವನು ಗಳಿಸಿದ್ದನ್ನು ಎಚ್ಚರದಿಂದ ಖರ್ಚು ಮಾಡಬೇಕು ಎಂಬುದೂ, ದೇವರ ಕಾರ್ಯದಲ್ಲಿ ಕೈ ಬಿಗಿ ಹಿಡಿಯಬಾರದು ಎಂಬುದೂ ಒಂದೇ ಧರ್ಮಪರಂಪರೆ ಹೇಳಿಕೊಟ್ಟ ಎರಡು ಮಾತುಗಳು. ವರ್ಷದ ಬಹುಪಾಲು ದಿನಗಳಲ್ಲಿ ಇವೆರಡರ ನಡುವೆ ತಕರಾರು ಹುಟ್ಟುವುದಿಲ್ಲ. ಶ್ರಾವಣ ಬಂದು ವರಮಹಾಲಕ್ಷ್ಮಿ ವ್ರತ, ಅದರ ಬೆನ್ನಿಗೇ ಗೌರಿ-ಗಣೇಶ, ಮತ್ತೆ ನವರಾತ್ರಿ, ದೀಪಾವಳಿ ಎಂದು ಹಬ್ಬಗಳ ಸಾಲು ತೊಡಗಿದಾಗ ಮಾತ್ರ, ತಿಂಗಳ ಸಂಬಳದಲ್ಲೋ ಫಸಲಿನ ಹಣದಲ್ಲೋ ಸಂಸಾರ ತೂಗಿಸುವ ಮನೆಗಳಲ್ಲಿ ಅವು ಎದುರುಬದುರಾಗಿ ನಿಲ್ಲುತ್ತವೆ. ಸೇವಂತಿಗೆಯ ಬೆಲೆ ಏರಿದ ವಾರದಲ್ಲಿ ಮಂಟಪಕ್ಕೆ ಹೂವು ಕಡಿಮೆ ಮಾಡಿದರೆ ಅದು ಜಾಣತನವೋ ಭಕ್ತಿಯ ಕೊರತೆಯೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಮನೆಖರ್ಚಿನ ಲೆಕ್ಕಕ್ಕೆ ಸೇರಿದ್ದಾದರೂ, ಪೂಜೆಯಲ್ಲಿ ಮುಖ್ಯವಾದುದು ವಸ್ತುವೋ, ಅದನ್ನು ಅರ್ಪಿಸುವವರೋ ಎಂಬ ಹಳೆಯ ಚರ್ಚೆಯಲ್ಲಿ ಅದರ ಬೇರು ಇದೆ.

ಪೂಜೆಗೆ ಮುನ್ನ ಕಾಲ, ದೇಶ ಮತ್ತು ಉದ್ದೇಶಗಳನ್ನು ಹೇಳಿ ಮಾಡುವ ನಿಶ್ಚಯಕ್ಕೆ ಸಂಕಲ್ಪ ಎಂದು ಹೆಸರು. ಅದರಲ್ಲಿ ತಪ್ಪದೆ ಬರುವ ಮಾತು ‘ಯಥಾಶಕ್ತಿ’, ಅಂದರೆ ಕೈಲಾದಷ್ಟು. ಬಡವರಿಗೆ ಕೊಟ್ಟ ರಿಯಾಯಿತಿ ಎಂದು ಇದನ್ನು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಅದು ಎರಡೂ ಕಡೆ ಕೊಯ್ಯುವ ನಿಯಮ. ಮತ್ಸ್ಯಪುರಾಣದಂಥ ಗ್ರಂಥಗಳ ವ್ರತಭಾಗಗಳಲ್ಲಿ ವಿತ್ತಶಾಠ್ಯ ಮಾಡಬಾರದೆಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ. ಹಣ ಇದ್ದೂ ಇಲ್ಲವೆಂದು ನಟಿಸುವ ವಂಚನೆಗೆ ಅಲ್ಲಿ ವಿತ್ತಶಾಠ್ಯ ಎಂದು ಹೆಸರು. ವ್ರತಕ್ಕೆ ಚಿನ್ನದ ಪ್ರತಿಮೆ ಹೇಳುವಾಗಲೂ ಇಂಥ ಗ್ರಂಥಗಳು ಇಷ್ಟು ತೂಕ, ಆಗದಿದ್ದರೆ ಅದರ ಅರ್ಧ, ಅದೂ ಆಗದಿದ್ದರೆ ಅದರರ್ಧ ಎಂದು ಇಳಿಸುತ್ತಾ ಹೋಗುತ್ತವೆ. ಹೀಗೆ ಉಳ್ಳವನ ಜಿಪುಣತನಕ್ಕೂ ಇಲ್ಲದವನ ಸಾಲಕ್ಕೂ ಒಂದೇ ಮಾತು ಅಡ್ಡ ನಿಲ್ಲುತ್ತದೆ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಕೊಡುವ ರೀತಿಯನ್ನು ಹೇಳುವಾಗ ಶ್ರದ್ಧೆಯನ್ನೂ ತನಗಿರುವ ಸಂಪತ್ತಿನ ಅಳತೆಯನ್ನೂ ಹೇಳಿ, ಅಲ್ಲಿಗೇ ನಿಲ್ಲದೆ, ಕೊಡುವಾಗ ಸಂಕೋಚವೂ ಇರಬೇಕೆನ್ನುತ್ತದೆ. ಕೊಟ್ಟದ್ದು ಸಾಲದೇನೋ ಎಂಬ ಈ ಸಂಕೋಚವು, ಮಂಟಪ ಕಟ್ಟಿ ಮುಗಿಯುವ ಮೊದಲೇ ಅದರ ಚಿತ್ರ ಹತ್ತು ಮನೆಗಳ ಫೋನುಗಳಿಗೆ ತಲುಪುವ ಈ ಕಾಲದಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋದ ಅಂಗವಾಗಿದೆ ಎನ್ನಬೇಕು.

ವಸ್ತು ಇಲ್ಲದಾಗ ಏನು ಮಾಡಬೇಕೆಂಬುದನ್ನು ಅತ್ಯಂತ ಬಿಗಿಯಾಗಿ ವಿಚಾರಿಸಿದ ಶಾಸ್ತ್ರವೆಂದರೆ ಪೂರ್ವಮೀಮಾಂಸೆ, ಅಂದರೆ ವೇದದ ಕರ್ಮಭಾಗದ ವಾಕ್ಯಗಳನ್ನು ಹೇಗೆ ಅರ್ಥೈಸಬೇಕೆಂದು ನಿರ್ಣಯಿಸುವ ಶಾಸ್ತ್ರ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿ, ಎಂದರೆ ವಿಧಿಸಿದ ವಸ್ತುವಿನ ಬದಲಿಗೆ ಬಳಸುವ ವಸ್ತು, ಎಂಬ ವಿಷಯದ ಚರ್ಚೆಯಿದೆ. ಯಾಗಕ್ಕೆ ಹೇಳಿದ ಭತ್ತ ಸಿಗದಿದ್ದರೆ ಅದನ್ನು ಹೋಲುವ ನೀವಾರವೆಂಬ ಕಾಡುಭತ್ತವನ್ನು ಬಳಸಬಹುದು, ಸೋಮಲತೆ ಸಿಗದಿದ್ದರೆ ಪೂತೀಕವೆಂಬ ಬೇರೊಂದು ಬಳ್ಳಿಯನ್ನು ಬಳಸಬಹುದು. ಆದರೆ ದೇವತೆಗಾಗಲಿ, ಅಗ್ನಿಗಾಗಲಿ, ಮಂತ್ರಕ್ಕಾಗಲಿ, ಕ್ರಿಯೆಗಾಗಲಿ ಬದಲಿಯಿಲ್ಲ, ಹಲವರು ಸೇರಿ ಯಜಮಾನರಾಗುವ ಸತ್ರಯಾಗದಂಥ ವಿಶೇಷ ಸಂದರ್ಭವನ್ನು ಬಿಟ್ಟರೆ, ಯಾಗ ಮಾಡಿಸುವ ಯಜಮಾನನಿಗೂ ಬದಲಿಯಿಲ್ಲ. ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ಯಜಮಾನನು ದಕ್ಷಿಣೆ ಕೊಟ್ಟು ಋತ್ವಿಜರಿಂದ, ಎಂದರೆ ಯಾಗ ನಡೆಸುವ ಪುರೋಹಿತರಿಂದ, ಕೆಲಸ ಮಾಡಿಸುತ್ತಾನಲ್ಲ, ಹಾಗಿದ್ದರೆ ಹಣ ಕೊಟ್ಟು ಮಂಟಪ ಕಟ್ಟಿಸುವುದರಲ್ಲಿ ತಪ್ಪೇನು? ತಪ್ಪಿಲ್ಲ. ಕೈಕೆಲಸವನ್ನು ಬೇರೆಯವರಿಂದ ಮಾಡಿಸಬಹುದು. ‘ಇದು ಇನ್ನು ನನ್ನದಲ್ಲ’ ಎಂದು ವಸ್ತುವಿನ ಮೇಲಿನ ಒಡೆತನವನ್ನು ಬಿಟ್ಟುಕೊಡುವ ತ್ಯಾಗವನ್ನು ಮಾತ್ರ ಯಜಮಾನನೇ ಮಾಡಬೇಕು. ಮನೆಯ ಪೂಜೆ ಇಂಥ ವೈದಿಕ ಯಾಗವಲ್ಲ. ಆದರೂ ಈ ವಿಂಗಡಣೆ ಅದಕ್ಕೂ ಚೆನ್ನಾಗಿ ಹೊಂದುತ್ತದೆ. ಕಂತಿನ ಮೇಲೆ ತಂದ ವಸ್ತುವಿನಿಂದ ದೇವರನ್ನು ಸಿಂಗರಿಸಿದಾಗ ಇನ್ನೂ ತನ್ನದಾಗದಿರುವುದನ್ನೇ ಬಿಟ್ಟುಕೊಟ್ಟಂತಾಗುತ್ತದೆ. ವರಮಹಾಲಕ್ಷ್ಮಿಯ ಕಲಶದ ಸುತ್ತ ಗರಿಗರಿ ನೋಟುಗಳನ್ನು ಮಡಿಚಿ ಬೀಸಣಿಗೆಯಂತೆ ಜೋಡಿಸುವ ಈಚಿನ ಅಲಂಕಾರದ್ದು ಇನ್ನೂ ವಿಚಿತ್ರವಾದ ಸ್ಥಿತಿ: ಎಲ್ಲ ಅಲಂಕಾರಗಳಲ್ಲಿ ಅದೇ ಅಗ್ಗದ್ದು, ಏಕೆಂದರೆ ಮರುದಿನ ಅಷ್ಟೂ ನೋಟು ಪೆಟ್ಟಿಗೆಗೆ ಮರಳುತ್ತದೆ, ಬಿಟ್ಟುಕೊಟ್ಟದ್ದು ಏನೂ ಇರುವುದಿಲ್ಲ.

ಬದಲಿಯ ಈ ತತ್ತ್ವವನ್ನು ಕನ್ನಡದ ಮನೆಗಳು ಶಾಸ್ತ್ರದ ಹೆಸರೆತ್ತದೆ ಬಳಸಿಕೊಂಡು ಬಂದಿವೆ. ದೇವರನ್ನು ಅತಿಥಿಯಂತೆ ಸತ್ಕರಿಸುವ ಹದಿನಾರು ಉಪಚಾರಗಳಲ್ಲಿ ವಸ್ತ್ರವೂ ಆಭರಣವೂ ಸೇರಿದ್ದು, ಅವು ಇಲ್ಲದ ಕಡೆ ಅವುಗಳ ಹೆಸರು ಹೇಳಿ ನಾಲ್ಕು ಕಾಳು ಅಕ್ಷತೆ ಹಾಕಿದರೆ ಉಪಚಾರ ನಡೆದಂತೆಯೇ ಲೆಕ್ಕ. ಅದೂ ಕಷ್ಟವಾದವರಿಗೆ ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯಗಳ ಐದೇ ಉಪಚಾರದ ಪೂಜೆಯಿದೆ. ವಸ್ತ್ರದ ಸ್ಥಾನದಲ್ಲಿ ನಿಂತ ಗೆಜ್ಜೆವಸ್ತ್ರವಂತೂ ಮಿತವ್ಯಯ ಮತ್ತು ಕಲೆ ಎರಡೂ ಒಂದಾಗಿರುವ ವಸ್ತು. ಬೀಜ ತೆಗೆದ ಅರಳೆಯನ್ನು ಬಿಡಿಸಿ ಹಗುರ ಮಾಡಿ, ಬೆರಳ ತುದಿಗೆ ಹಾಲನ್ನೋ ನೀರನ್ನೋ ತಾಗಿಸಿಕೊಂಡು, ಉದ್ದಕ್ಕೆ ಎಳೆದ ಹತ್ತಿಯನ್ನು ಸ್ವಲ್ಪ ಸ್ವಲ್ಪ ಅಂತರ ಬಿಟ್ಟು ಹೊಸೆಯುತ್ತಾ ಹೋಗುತ್ತಾರೆ. ಹೊಸೆದ ಎರಡು ಜಾಗಗಳ ನಡುವೆ ಉಳಿದ ಹತ್ತಿ ಉಬ್ಬಿ ಗೆಜ್ಜೆಮಣಿಯಂತೆ ಕಾಣುತ್ತದೆ, ಹೊಸೆದ ಕಡೆಗೆ ನೀರಲ್ಲಿ ಕಲಸಿದ ಕುಂಕುಮ ಹಚ್ಚುತ್ತಾರೆ. ಎಳೆಗಳ ಅಂತರ ಒಂದೇ ಸಮನಾಗಿ ಬರಬೇಕಾದರೆ ಬೆರಳಿಗೆ ವರ್ಷಗಳ ರೂಢಿ ಬೇಕು. ಹಿಡಿ ಹತ್ತಿ ಮತ್ತು ಚಿಟಿಕೆ ಕುಂಕುಮ ಬಿಟ್ಟರೆ ಇದಕ್ಕೆ ಬೇರೆ ಖರ್ಚಿಲ್ಲ. ಇದೇ ಗೆಜ್ಜೆವಸ್ತ್ರ ಈಗ ಚಮಕಿ, ಜರಿ ಅಂಟಿಸಿಕೊಂಡು ಗ್ರಂಥಿಗೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಲಕೋಟೆಯೊಳಗೆ ಸಿಗುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ.

ಗಣೇಶನ ಪತ್ರಪೂಜೆಯೂ ಹೀಗೆಯೇ. ಅದಕ್ಕೆ ಹೇಳಿದ ಇಪ್ಪತ್ತೊಂದು ಪತ್ರೆಗಳಲ್ಲಿ ಗರಿಕೆ, ಎಕ್ಕ, ಉತ್ತರಾಣಿ, ಉಮ್ಮತ್ತಿ, ಲಕ್ಕಿಯಂಥವು ಬೇಲಿಯಲ್ಲೂ ಹಾದಿಬದಿಯಲ್ಲೂ ತಾವಾಗಿ ಬೆಳೆಯುವವು. ಮಾವು, ದಾಳಿಂಬೆ, ತುಳಸಿ ಹಿತ್ತಿಲಿನವು. ಅರಳಿ, ಬಿಲ್ವ, ಬನ್ನಿ ಊರ ಗುಡಿಯ ಸುತ್ತಲಿನವು. ಪಟ್ಟಿಯನ್ನು ಮಾಡಿದವರಿಗೆ ಹಣದ ಉಳಿತಾಯ ಉದ್ದೇಶವಾಗಿತ್ತೆಂದು ಹೇಳಲಾಗದು. ಆದರೆ ಈ ಪಟ್ಟಿಗೆ ಹಣಕ್ಕಿಂತ ಹೆಚ್ಚಾಗಿ ಸುತ್ತಲಿನ ನೆಲದ ಪರಿಚಯ ಬೇಕು, ಆ ಪರಿಚಯ ಇಲ್ಲದವರಿಗೆ ಮಾತ್ರ ಪತ್ರೆಯ ಕಟ್ಟು ಮಾರುಕಟ್ಟೆಯ ವಸ್ತುವಾಗುತ್ತದೆ. ಉತ್ತರ ಕನ್ನಡದ ಮಲೆನಾಡಿನ ಮನೆಗಳಲ್ಲಿ ಗಣಪತಿಯ ಮೇಲ್ಗಡೆ ಚೌಕಟ್ಟು ಕಟ್ಟಿ ಅಡಿಕೆಗೊನೆ, ಸೌತೆ, ಹಾಗಲ, ಕಾಡಿನ ಕಾಯಿಗಳನ್ನು ತೂಗಿಬಿಡುವ ಫಲಾವಳಿಯಲ್ಲಿ ಆ ಋತುವಿನ ಬೆಳೆಯೇ ಅಲಂಕಾರ. ಹಳೆ ಮೈಸೂರಿನ ದಸರಾ ಗೊಂಬೆಗಳದ್ದು ಬೇರೆ ಬಗೆ: ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಯ ಜೋಡಿಯನ್ನು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರತೆಗೆದು, ಹೊಸ ಬಟ್ಟೆ ಉಡಿಸಿ, ಬೆಸಸಂಖ್ಯೆಯ ಮೆಟ್ಟಿಲುಗಳ ಮೇಲಿನ ಸಾಲಿನಲ್ಲಿ ಕೂರಿಸುವ ಈ ಪದ್ಧತಿಯಲ್ಲಿ ಒಂದು ತಲೆಮಾರಿನ ಖರ್ಚನ್ನು ಮುಂದಿನ ತಲೆಮಾರುಗಳೂ ಅನುಭವಿಸುತ್ತವೆ.

ಇವುಗಳ ಪಕ್ಕದಲ್ಲಿ ಥರ್ಮೊಕೋಲಿನ ಮಂಟಪವನ್ನೂ ಪ್ಲಾಸ್ಟಿಕ್ಕಿನ ಮಾವಿನ ತೋರಣವನ್ನೂ ಇಟ್ಟು ನೋಡಿದರೆ ಅಗ್ಗ ಮತ್ತು ಮಿತ ಒಂದೇ ಅಲ್ಲವೆಂಬುದು ಕಾಣುತ್ತದೆ. ಅಲಂಕಾರಕ್ಕೆ ಬಳಸುವ ಥರ್ಮೊಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಗೆ ಸೇರಿಸಲಾಗಿದೆ. ಕೊಳ್ಳುವವರ ಕೈಗೆ ಹಗುರವಾದ ಬೆಲೆಯ ಉಳಿದ ಭಾಗವನ್ನು ಕೆರೆಯೋ ಚರಂಡಿಯೋ ಪೌರಕಾರ್ಮಿಕರೋ ಹೊರುತ್ತಾರೆ. ಯಾರದೋ ತಲೆಗೆ ದಾಟಿಸಿದ ಖರ್ಚನ್ನು ಉಳಿತಾಯ ಎನ್ನುವುದು ಲೆಕ್ಕದ ದೃಷ್ಟಿಯಿಂದಲೂ ತಪ್ಪು.

ಈ ಮಾತನ್ನು ಅಷ್ಟಕ್ಕೇ ಬಿಟ್ಟರೆ ಅರ್ಧ ಸತ್ಯವಾಗುತ್ತದೆ, ಏಕೆಂದರೆ ದಾಟಿಸಿದ ಖರ್ಚು ಮನೆಯೊಳಗೂ ಇದೆ. ಹಿಡಿ ಹತ್ತಿಯಲ್ಲಿ ಮುಗಿಯುವ ಗೆಜ್ಜೆವಸ್ತ್ರ, ನಸುಕಿನಲ್ಲಿ ಅಂಗಳ ಸಾರಿಸಿ ಇಡುವ ರಂಗೋಲಿ, ಹಿಂದಿನ ರಾತ್ರಿ ಕೂತು ಕಟ್ಟಿದ ಹೂವಿನ ಮಾಲೆ ಇವೆಲ್ಲ ಹಣದ ಲೆಕ್ಕದಲ್ಲಿ ಸೊನ್ನೆಯಾಗಿ ಕಾಣುವುದು ಅವುಗಳ ಹಿಂದಿರುವ ಹೆಂಗಸರ ದುಡಿಮೆಯನ್ನು ಯಾರೂ ಬರೆದಿಡದ ಕಾರಣದಿಂದ. ಸ್ಮೃತಿಗಳು ಈ ಹೊರೆಯನ್ನು ಮರೆಮಾಚಿಲ್ಲ. ಗೃಹಿಣಿಯು ಸಾಮಾನುಗಳನ್ನು ಓರಣವಾಗಿಟ್ಟುಕೊಂಡು, ಕೆಲಸದಲ್ಲಿ ಜಾಣೆಯಾಗಿ, ಮುಖದಲ್ಲಿ ಸಂತೋಷ ಇಟ್ಟುಕೊಂಡು, ಖರ್ಚಿಗೆ ಬೆನ್ನು ತಿರುಗಿಸಿದವಳಾಗಿರಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲೂ ಇದೇ ಆಶಯವಿದೆ. ಯಾಜ್ಞವಲ್ಕ್ಯನಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಮಿತವ್ಯಯವು ಇಲ್ಲಿ ಹೆಂಡತಿಯಲ್ಲಿರಬೇಕಾದ ಗುಣ; ಎಷ್ಟು ಸಾಕು ಎಂದು ತೀರ್ಮಾನಿಸುವ ಅಧಿಕಾರ ಯಾರದೆಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ.

ಅದೇ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ, ಆ ಪ್ರಶ್ನೆಯನ್ನು ಎತ್ತಿದವಳು ಶಿವಶರಣೆ ಆಯ್ದಕ್ಕಿ ಲಕ್ಕಮ್ಮ. ಆಕೆಯೂ ಗಂಡ ಮಾರಯ್ಯನೂ ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದವರು. ಮಾರಯ್ಯನ ಕಾಯಕ, ಎಂದರೆ ಜೀವನೋಪಾಯವೂ ಆರಾಧನೆಯೂ ಒಂದೇ ಆದ ದುಡಿಮೆ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದಾಗಿತ್ತು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಅದನ್ನು ಒಪ್ಪದೆ, ಹೆಚ್ಚಿನದನ್ನು ಆಯ್ದ ಜಾಗದಲ್ಲೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು, ಶರಣರ ಸಂವಾದಗಳನ್ನು ಸಂಕಲಿಸಿದ ಶೂನ್ಯಸಂಪಾದನೆಯ ಪರಂಪರೆ ಉಳಿಸಿಕೊಂಡಿದೆ. ಗಮನಿಸಬೇಕಾದದ್ದು, ಆ ಮನೆಯಲ್ಲಿ ಅಕ್ಕಿ ತುಂಬಿತುಳುಕುತ್ತಿರಲಿಲ್ಲ. ಬಂದ ಜಂಗಮರಿಗೆ ಉಣಬಡಿಸುವ ದಾಸೋಹವೂ ನಡೆಯಬೇಕಾಗಿತ್ತು. ದೇವರ ಕೆಲಸಕ್ಕೆ ತಾನೆ, ಇರಲಿ ಎಂಬ ಸುಲಭದ ಸಮಾಧಾನಕ್ಕೆ ಅವಕಾಶವಿದ್ದರೂ, ಆಕೆ ಅದನ್ನು ಆಸೆಯೆಂದೇ ಗುರುತಿಸಿದಳು. ಹಿಂದಿನ ಸ್ಮೃತಿಯ ಗೃಹಿಣಿ ಗಂಡ ತಂದುದನ್ನು ಜೋಪಾನ ಮಾಡುವವಳಾದರೆ, ಲಕ್ಕಮ್ಮ ತಂದದ್ದೇ ಹೆಚ್ಚಾಯಿತೆಂದು ಹೇಳಬಲ್ಲವಳು. ಮಿತವು ಹೆಂಗಸಿನ ಸ್ವಭಾವವಾಗಿದ್ದುದು ಇಲ್ಲಿ ಆಕೆಯ ವಿವೇಚನೆಯಾಯಿತು. ಈ ವ್ಯತ್ಯಾಸವನ್ನು ಬಿಟ್ಟು ಸರಳ ಹಬ್ಬವನ್ನು ಹೊಗಳುವ ಬರಹಗಳು, ಅಂಗಡಿಯಿಂದ ತಾರದಿರುವುದನ್ನೆಲ್ಲ ಮನೆಯಾಕೆಯ ಬೆನ್ನಿಗೆ ಕಟ್ಟುವ ಸಲಹೆಗಳಾಗಿ ಮುಗಿಯುತ್ತವೆ.

ಅಲಂಕಾರವೇ ಬೇಡವೆಂಬ ನಿಲುವು ಇದರಿಂದ ಹೊರಡುತ್ತದೆಯೇ ಎಂದರೆ, ಇಲ್ಲ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣನು ಎಲೆ, ಹೂವು, ಹಣ್ಣು, ನೀರು ಇವಿಷ್ಟನ್ನೇ ಹೆಸರಿಸಿದ್ದರೂ ಏನೂ ಬೇಡವೆಂದಿಲ್ಲ. ಜೈನಾಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ, ಎಂದರೆ ಗೃಹಸ್ಥ ಜೈನರ ನಡವಳಿಕೆಯನ್ನು ಹೇಳುವ ಗ್ರಂಥದಲ್ಲಿ, ಪೂಜೆಯ ಮಹಿಮೆಗೆ ಉದಾಹರಣೆಯಾಗಿ ಬರುವುದು ರಾಜಗೃಹದಲ್ಲಿ ಒಂದೇ ಒಂದು ಹೂವು ಹಿಡಿದು ಹೊರಟ ಕಪ್ಪೆ. ಆಸ್ತಿಗೆ ಮಿತಿ ಹಾಕಿಕೊಳ್ಳುವ ಪರಿಗ್ರಹಪರಿಮಾಣವನ್ನು ವ್ರತವಾಗಿ ವಿಧಿಸಿದ ಅದೇ ಗ್ರಂಥ ಆ ಒಂದು ಹೂವನ್ನು ಕೈಬಿಡಲಿಲ್ಲ. ವೈಭವಕ್ಕೂ ಪರಂಪರೆಯಲ್ಲಿ ಜಾಗವಿದೆ, ಆದರೆ ಆ ಜಾಗ ಬೇರೆ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ ಎಂಬ ವಜ್ರದ ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸು ಕಾವಲಿನಲ್ಲಿ ಬಂದು, ವರ್ಷಕ್ಕೊಂದು ರಾತ್ರಿ ದೇವರ ತಲೆಯ ಮೇಲಿದ್ದು, ಮತ್ತೆ ಖಜಾನೆಗೆ ಮರಳುತ್ತದೆ. ನೋಡುವ ಸಂತೋಷ ಸಾವಿರಾರು ಜನರದ್ದು, ಒಡೆತನ ಒಂದು ಮನೆಯದಲ್ಲ. ಊರಿನ ಗುಡಿಯಲ್ಲಿ, ತೇರಿನಲ್ಲಿ ಎಲ್ಲರೂ ಸೇರಿ ನಡೆಸಬೇಕಾದ ವೈಭವವನ್ನು ಹತ್ತಡಿ ಹಜಾರದೊಳಗೆ ಪ್ರತಿಯೊಂದು ಸಂಸಾರವೂ ಬೇರೆ ಬೇರೆಯಾಗಿ ಕಟ್ಟಹೊರಟದ್ದರಿಂದಲೇ ಹಬ್ಬ ಭಾರವಾಗಿದೆ.

ಇನ್ನು ಉಳಿಯುವುದು ಹಬ್ಬವನ್ನೇ ನಂಬಿದ ದುಡಿಮೆಗಾರರ ಪ್ರಶ್ನೆ. ಎಲ್ಲರೂ ಖರ್ಚು ತಗ್ಗಿಸಿದರೆ ಹೂವಿನವರ, ಬುಟ್ಟಿ ಹೆಣೆಯುವ ಮೇದರ, ಕುಂಬಾರರ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದು. ಬಿಟ್ಟುಕೊಡುವುದನ್ನೂ ದುಡಿಮೆಯನ್ನೂ ಅಳತೆಗೋಲಾಗಿ ಇಟ್ಟುಕೊಂಡ ಮಿತವ್ಯಯವು ಕೆಲವೆಡೆ ಹೆಚ್ಚು ಹಣ ಕೊಡಲು ಹೇಳುತ್ತದೆ. ಕೆರೆಯ ಜೇಡಿಯನ್ನು ಹದಮಾಡಿ, ಒಣಗುವಾಗ ಬಿರುಕು ಬಿಡದಂತೆ ಕಾದು, ಕೈಯಲ್ಲಿ ತಿದ್ದಿದ ಬಣ್ಣವಿಲ್ಲದ ಗಣಪ, ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ಅಚ್ಚಿಗೆ ಹೊಯ್ದು ಮಾಡಿದ ಗಣಪನ ಬೆಲೆಗೆ ಸಿಗುವುದಿಲ್ಲ. ಅಷ್ಟೇ ಹಣಕ್ಕೆ ಅದು ಅಂಗೈಯಷ್ಟು ಚಿಕ್ಕದಾಗಿಯೇ ಸಿಗುತ್ತದೆ. ಮೂರ್ತಿಯನ್ನು ಚಿಕ್ಕದು ಮಾಡಿಕೊಂಡು ಕುಂಬಾರನ ಕೂಲಿಯನ್ನು ಚಿಕ್ಕದು ಮಾಡದಿರುವುದು ಯಥಾಶಕ್ತಿಯ ಅಳತೆಗೆ ಹೊಂದುತ್ತದೆ. ಫ್ಲೆಕ್ಸಿನ ಹಿನ್ನೆಲೆಗೂ ಮಿಣುಕು ದೀಪಗಳ ಸರಕ್ಕೂ ಕೇಳಿದಷ್ಟು ಕೊಟ್ಟು ಬಂದು, ಮೂರ್ತಿಗೆ ಮಾತ್ರ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ಹಳೆಯ ವ್ರತಗ್ರಂಥಗಳು ವಿತ್ತಶಾಠ್ಯ ಎಂದು ಕರೆದದ್ದರ ಇಂದಿನ ರೂಪ.