ಕಲಿತ ಕಸುಬು ಯಾರ ಆಸ್ತಿ?

ಲೆಕ್ಕ ಬರೆಯೋ ನನಗೆ ಟ್ರೈನಿಗಳ ಸ್ಟೈಪೆಂಡ್ ಬಂದಾಗೆಲ್ಲ ಒಂದು ಪ್ರಶ್ನೆ ಕಾಡುತ್ತೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಆದರೆ ಕೆಲಸದಲ್ಲಿ ಕೈ ಮುರಿದರೆ ಕಾರ್ಮಿಕನಂತೆಯೇ ಪರಿಹಾರ ಕೊಡಬೇಕು!

ಮಾಲೀಕರು ಹೇಳೋದು: "ಇವರ ಮೇಲೆ ಬಂಡವಾಳ ಹಾಕಿದೀವಿ." ಹಾಗಂತ ಬಾಂಡ್ ಬರೆಸಿಕೊಂಡು, ಮಾರ್ಕ್ಸ್ ಕಾರ್ಡ್ ಇಟ್ಕೊಳ್ಳೋರೂ ಇದ್ದಾರೆ. ಲೆಕ್ಕಶಾಸ್ತ್ರ ಇದನ್ನ ಒಪ್ಪಲ್ಲ. ಎಎಸ್ 26ರ ಪ್ರಕಾರ ತರಬೇತಿಗೆ ಸುರಿದದ್ದು ಖರ್ಚು, ಆಸ್ತಿಯಲ್ಲ. ಕಲಿತ ಮನುಷ್ಯನ ಮೇಲೆ ಕಂಪನಿಗೆ ಲೇತ್ ಮೇಲಿರುವಂಥ ಹಿಡಿತವಿಲ್ಲ. ಅವನು ನಾಳೆ ಎದ್ದು ಹೋಗಬಹುದು.

ಕಲಿಸಿದವರಿಗೆ ನಷ್ಟ ಆಗಲ್ವಾ? ಆಗುತ್ತೆ. ಆದರೆ ಹುಡುಗ ಕಲಿಯುತ್ತಲೇ ದುಡಿದೂ ಇದ್ದಾನೆ. ಗಿರಾಕಿಗೆ ಹೋದ ಬಿಲ್ಲಿನಲ್ಲಿ ಅವನ ಬೆವರೂ ಇದೆ. ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಲ್ಲ ಅಂತ ಸಹಿ ಹಾಕಿ, ಅವನ ಮಾರ್ಕ್ಸ್ ಕಾರ್ಡನ್ನು ಬೀರುವಿನಲ್ಲಿ ಇಟ್ಟುಕೊಳ್ಳೋದು ಯಾವ ನ್ಯಾಯ?